ನೆತ್ತಿ ಎತ್ತುವ ಕೈ

ಅಂಗಳದಲ್ಲಿ ಎಳೆಮಗುವಿನ ಅಳು ಕೇಳಿದರೆ ಸಾಕು, ಶಂಕರಮ್ಮನಿಗೆ ಹಿತ್ತಲಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ತೊಂಡೆ ಚಪ್ಪರಕ್ಕೆ ಕೋಲು ಕೊಡುವುದು, ಒಲೆಯ ಬೂದಿ ತೆಗೆದು ಗುಂಡಿಗೆ ಹಾಕುವುದು, ಏನೂ ಸಿಗದಿದ್ದರೆ ಬಚ್ಚಲ ಹಂಡೆಗೆ ಹುಣಸೆಹಣ್ಣು ಹಚ್ಚಿ ನಿನ್ನೆ ಉಜ್ಜಿದ್ದನ್ನೇ ಇವತ್ತೂ ಉಜ್ಜುವುದು. ಬಂದವರು ಜಗಲಿಯಲ್ಲಿ ಸ್ವಲ್ಪ ಹೊತ್ತು ಕಾದು, ಪಕ್ಕದ ಹಿಟ್ಟಿನ ಗಿರಣಿಯಲ್ಲಿದ್ದ ಅವಳ ಮಗ ಪ್ರಸನ್ನಕುಮಾರನನ್ನು ಕೇಳುತ್ತಿದ್ದರು. ಅವನು ರೆಪ್ಪೆಯ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು, ಮಿಷನ್ನಿನ ಸದ್ದಿಗಿಂತ ಗಟ್ಟಿಯಾಗಿ, 'ಅಮ್ಮ ಎಲ್ಲೋ ಹೋಗಿರ್ಬೇಕು ಕಣ್ರಿ' ಎಂದು ಕೂಗುತ್ತಿದ್ದ. ಅವರು ಎದುರಿನ ಸ್ಟಾಪಿನಲ್ಲಿ ಸಿಕ್ಕಿದ ಬಸ್ಸು ಹತ್ತಿ ಹೋಗಿಬಿಡುತ್ತಿದ್ದರು. ಹೋದ ವರ್ಷದ ಹಲಸಿನ ಕಾಲದಿಂದ ಇದೇ ನಡೆದಿತ್ತು. ಅವರೆಲ್ಲ ಎಲ್ಲಿಗೆ ಹೋದರು, ಆ ಮಕ್ಕಳು ಏನಾದವು ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಕೇಳದಿದ್ದರೆ ತನಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಳ್ಳುವುದು ಸುಲಭವಾಗಿತ್ತು. ಆದರೆ ಈ ದಿನ ಬಂದ ಮಗು ಅಳಲೇ ಇಲ್ಲ. ಈಳಿಗೆ ಮಣೆಯ ಮೇಲೆ ಕೂತು ಬಾಳೆಕಾಯಿ ಹೆಚ್ಚಿ ಮುಗಿಸಿದ್ದವಳ ಮುಂದೆ ಸೊಸೆ ರಶ್ಮಿ ಬಂದು ನಿಂತಳು. 'ಅತ್ತೆ, ಯಾರೋ ನೆತ್ತಿ ಎತ್ತಿಸೋಕೆ ಬಂದಿದ್ದಾರೆ. ಇದ್ದಾರೆ, ಕೂತ್ಕೊಳ್ಳಿ ಅಂದೆ.'

ನೆತ್ತಿ ಎತ್ತುವುದು ಶಂಕರಮ್ಮನಿಗೆ ಅವಳ ಅತ್ತೆಯಿಂದ ಬಂದ ವಿದ್ಯೆ. ವಾಂತಿ ಭೇದಿ ಹತ್ತಿದ ಎಳೆಮಕ್ಕಳಿಗೆ ನೆತ್ತಿಯ ಮೆತ್ತನೆಯ ಜಾಗದಲ್ಲಿ ಕುಳಿ ಬೀಳುತ್ತದೆ. ನೆತ್ತಿ ಬಿದ್ದಿದ್ದಕ್ಕೇ ಭೇದಿ, ನೆತ್ತಿ ಎತ್ತಿದರೆ ಭೇದಿ ನಿಂತಂತೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ತೋರುಬೆರಳನ್ನು ಹರಳೆಣ್ಣೆಯಲ್ಲಿ ಅದ್ದಿ, ಮಗುವಿನ ಬಾಯೊಳಗೆ ಹಾಕಿ ಅಂಗುಳವನ್ನು ಮೇಲಕ್ಕೆ ಒತ್ತಬೇಕು. ಕುಳಿಯ ಮೇಲೆ ಬಿಸಿ ಮಾಡಿದ ವೀಳ್ಯದೆಲೆ ಇಡಬೇಕು. ಆಮೇಲೆ ನೆತ್ತಿ ಏಳುವ ತನಕ ಮಗುವಿನ ಬಾಯಿಗೆ ಹನಿ ನೀರು ಬೀಳಕೂಡದು, ತಾಯಿಯ ಹಾಲೂ ಕೂಡದು; ಮೇಲಿಂದ ಹಾಕಿದಷ್ಟೂ ಕೆಳಗಿಂದ ಹೋಗುವುದು ಕಣ್ಣಿಗೇ ಕಾಣುತ್ತದಲ್ಲ. ಬಾಳೆಹೊನ್ನೂರಿನ ಮೇಷ್ಟರ ಹೆಂಡತಿಯಿಂದ ಹಿಡಿದು ಸಿರಿಮನೆಯ ಗದ್ದೆ ಕೆಲಸದವರ ತನಕ ಎಲ್ಲರೂ ಈ ಜಗಲಿಗೆ ಬಂದವರೇ. ಶಂಕರಮ್ಮೋರ ಕೈಗುಣ ಎನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಮೀಸೆ ಬಂದ ಗಂಡಸರನ್ನು ಎಳೆದುಕೊಂಡು ಬಂದು, 'ಇವನ ನೆತ್ತಿ ಎತ್ತಿದ್ದು ನೀವೇ' ಎಂದು ಕಾಲಿಗೆ ಬೀಳಿಸುತ್ತಿದ್ದರು. ಬೇಡ ಬೇಡ ಎನ್ನುತ್ತಲೇ ಶಂಕರಮ್ಮ ಕಾಲನ್ನು ಸ್ವಲ್ಪ ಮುಂದಕ್ಕೆ ಚಾಚುತ್ತಿದ್ದಳು. ಡಾಕ್ಟರು ಓದಿ ಕಲಿತಿದ್ದು, ತನ್ನದು ಕೈಯಲ್ಲೇ ಬಂದಿದ್ದು ಎಂಬ ಜಂಬ ಅವಳಿಗೆ ಚೆನ್ನಾಗಿಯೇ ಇತ್ತು.

'ಬಂದೆ ಅನ್ನು,' ಎಂದಳು. ರಶ್ಮಿ ಹೋಗಲಿಲ್ಲ. ಅವಳು ಹೀಗೆ ನಿಂತಾಗ ಶಂಕರಮ್ಮನಿಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತಿರಲಿಲ್ಲ. ಒಂದು ವರ್ಷದಿಂದ ಈ ಹುಡುಗಿ ಎದುರು ಮಾತಾಡಿಲ್ಲ, ಅತ್ತಿಲ್ಲ, ತವರಿಗೆ ಹೋಗಿ ಕೂತಿಲ್ಲ. ಜಗಳವಾದರೂ ಮಾಡಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಹೇಳಿದ ಮಾತು ಕೇಳುವುದು ಇವಳ ಜಾಯಮಾನ, ಆವತ್ತೂ ಕೇಳಿದ್ದಳಲ್ಲ. ತನ್ನ ಎಳೆಗೂಸು ಅರ್ಪಿತಾಳನ್ನು ತೊಡೆಯ ಮೇಲೆ ಹಾಕಿಕೊಂಡು ಇದೇ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಕೂಸು ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಳ್ಳುತ್ತ, ತಾಯಿಯ ಸೆರಗಿನ ಒದ್ದೆಯಾದ ತುದಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. 'ಅತ್ತೆ, ಒಂದೇ ಒಂದು ಸಲ ಹಾಲು ಕೊಡ್ಲಾ?' 'ಕೊಟ್ಟು ಕೊಲ್ತೀಯಾ?' ಎಂದಿದ್ದಳು ಶಂಕರಮ್ಮ, ಸೆರಗನ್ನು ಕೂಸಿನ ಬಾಯಿಂದ ಬಿಡಿಸಿ. ಸಾಲದೆಂದು ನೀರಿನ ಕೊಡವನ್ನೂ ಎತ್ತಿ ದೇವರ ಕೋಣೆಯಲ್ಲಿಟ್ಟಿದ್ದಳು. ಎಷ್ಟು ಒತ್ತಿದರೂ ನೆತ್ತಿ ಏಳದಿದ್ದಾಗ ಅವಳಿಗೆ ಆಗಿದ್ದು ಗಾಬರಿಗಿಂತ ಹೆಚ್ಚಾಗಿ ಅವಮಾನ. ಊರ ಮಕ್ಕಳದ್ದೆಲ್ಲ ಎದ್ದು ಮನೆ ಮಗುವಿನದು ಏಳದಿದ್ದರೆ ಜನ ಏನಂದಾರು ಎಂದು ಇನ್ನಷ್ಟು ಗಟ್ಟಿಯಾಗಿ ಒತ್ತಿದ್ದಳು. ಕೊನೆಗೆ ಪ್ರಸನ್ನ ಯಾರದೋ ಜೀಪು ತಂದು ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಷ್ಟು ಹೊತ್ತಿಗೆ ಕೂಸಿನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಸೂಜಿ ಚುಚ್ಚಲು ಒಂದು ನರವೂ ಸಿಗಲಿಲ್ಲ.

ಡಾಕ್ಟರು ವಯಸ್ಸಾದವರು, ಬೈಯುವ ಜಾತಿಯವರಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು, ಕನ್ನಡಕ ತೆಗೆದು ಒರೆಸುತ್ತ ಹೇಳಿದ್ದರು. 'ನೆತ್ತಿ ಬಿದ್ದು ಭೇದಿ ಆಗೋದಲ್ಲಮ್ಮ. ಭೇದಿಯಾಗಿ ಮೈಯ ನೀರೆಲ್ಲ ಹೋಯ್ತು ಅಂತ ನೆತ್ತಿ ಬೀಳೋದು. ನೀರು ಕೊಟ್ಟಿದ್ರೆ ಅದರಷ್ಟಕ್ಕೆ ಅದು ಏಳ್ತಿತ್ತು. ಹಾಲು ಕೊಟ್ಟಿದ್ರೂ ಸಾಕಿತ್ತು.' ಇಷ್ಟೇ. ಗೋಡೆಗೆ ತಲೆಯಾನಿಸಿ ನಿಂತಿದ್ದ ರಶ್ಮಿ ಹತ್ತಿರ ಬಂದು, 'ಏನಂದ್ರು ಅತ್ತೆ?' ಎಂದು ಕೇಳಿದಾಗ ಶಂಕರಮ್ಮನ ಬಾಯಿಂದ ಮಾತು ಎಷ್ಟು ಸರಾಗವಾಗಿ ಬಂತೆಂದರೆ ಆಮೇಲೆ ಅವಳೇ ಬೆರಗಾದಳು. 'ಹಾಲು ಕೆಟ್ಟಿತ್ತಂತೆ. ಬೇಡ ಬೇಡ ಅಂದ್ರೂ ಹಲಸಿನ ಹಣ್ಣು ತಿಂದ್ಯಲ್ಲ.' ರಶ್ಮಿ ಎರಡು ತೊಳೆ ತಿಂದಿದ್ದಳು. ಅದೂ ಶಂಕರಮ್ಮನೇ ಬಿಡಿಸಿ ಕೊಟ್ಟಿದ್ದು. ಆ ಹುಡುಗಿ ಅದನ್ನು ನೆನಪಿಸಲಿಲ್ಲ. ತನ್ನ ಎದೆಯನ್ನೇ ಒಮ್ಮೆ ಬಗ್ಗಿ ನೋಡಿಕೊಂಡಳು. ಮನೆಗೆ ಬಂದ ಮೇಲೆ ಹಾಲು ಕಟ್ಟಿ ಜ್ವರ ಬಂದಾಗ ಬಚ್ಚಲಲ್ಲಿ ಕೂತು ಹಿಂಡಿ ಹಿಂಡಿ ಚೆಲ್ಲುತ್ತಿದ್ದಳು. ಚೆಲ್ಲಿದ ಮೇಲೆ ತಂಬಿಗೆಗಟ್ಟಲೆ ನೀರು ಹಾಕಿ ಆ ಜಾಗವನ್ನು ತೊಳೆಯುತ್ತಿದ್ದಳು, ಬೆಕ್ಕು ಗಿಕ್ಕು ನೆಕ್ಕಿ ಸತ್ತೀತೆಂದು. ಶಂಕರಮ್ಮ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು. ಒಳ್ಳೆಯ ಅತ್ತೆ ಎಂದು ನೆರೆಮನೆಯವರೂ ಆಡಿಕೊಂಡರು.

ಜಗಲಿಗೆ ಬಂದು ನೋಡಿದರೆ ಗುರುತಿನವರೇ. ಹೊಳೆಯಾಚೆಯ ಗೌಡರ ಮನೆಯ ಅನ್ನಮ್ಮ, ಅವಳ ಸೊಸೆ ಭವ್ಯ, ಭವ್ಯಳ ತೊಡೆಯ ಮೇಲೆ ಮಗು. 'ಬಂದ್ರಾ ಮಾರಾಯ್ರೆ! ನೀವು ಈಗೀಗ ಯಾರಿಗೂ ಸಿಕ್ಕದೇ ಇಲ್ಲ ಅಂತಿದ್ರು,' ಎಂದು ಅನ್ನಮ್ಮ ಉಸಿರುಬಿಟ್ಟಳು. 'ನಮ್ಮ ದೀಪು. ಯಶವಂತನ ಮಗ. ಅವನಪ್ಪಂಗೆ ನೆತ್ತಿ ಎತ್ತಿದ್ದೂ ನೀವೇ, ನೆನಪುಂಟಾ? ಮೊನ್ನೆಯಿಂದ ಒಂದೇ ಸಮ ಭೇದಿ. ನೀವು ಆವತ್ತು ಹೇಳಿದ ಹಾಂಗೇ ಮಾಡಿದ್ದೀನಿ, ನಿನ್ನೆಯಿಂದ ನೀರು ಮುಟ್ಟಿಸಿಲ್ಲ. ಇವಳಿಗೆ ಹಾಲು ಕೊಡಕ್ಕೂ ಬಿಟ್ಟಿಲ್ಲ.' ಭವ್ಯ ತಲೆ ಎತ್ತಲಿಲ್ಲ. ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಶಂಕರಮ್ಮ ಮಗುವಿನ ತಲೆಯ ಮೇಲೆ ಕೈಯಿಟ್ಟಳು. ಬೆರಳು ಕುಳಿಯೊಳಗೆ ಇಳಿಯಿತು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಹಿಡಿದಂತೆಯೇ ನಿಂತಿತು. ಕಣ್ಣು ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಬಾಯಿಯ ಹತ್ತಿರ ಬೆರಳು ಬಂದ ಕೂಡಲೇ ಮಾತ್ರ ಆ ಮಗು ತುಟಿ ತೆರೆದು ಬೆರಳನ್ನು ಹಿಡಿದು ಚೀಪತೊಡಗಿತು. ಶಂಕರಮ್ಮ ಬೆರಳು ಎಳೆದುಕೊಂಡು, 'ಎಣ್ಣೆ ತರ್ತೀನಿ,' ಎಂದು ಒಳಗೆ ಹೋದಳು.

ಒಳಗೆ ಎಣ್ಣೆಯ ಗಿಂಡಿಯ ಮುಂದೆ ನಿಂತಾಗ, ಇಷ್ಟು ದಿನ ಬೇಡವೆಂದು ತಳ್ಳುತ್ತಿದ್ದ ಯೋಚನೆ ಬಂದು ಎದುರು ಕೂತಿತು. ನೀರು ಬಿಡಿಸಿ ಮಕ್ಕಳು ಸಾಯುವುದು ನಿಜವಾದರೆ ಅಷ್ಟೊಂದು ಮಕ್ಕಳು ಬದುಕಿದ್ದು ಹೇಗೆ? ಆಸ್ಪತ್ರೆಯಿಂದ ಬಂದ ದಿನವೇ ಇದಕ್ಕೆ ಉತ್ತರ ಹೊಳೆದಿತ್ತು. ಕದ್ದು ಕೊಟ್ಟಿದ್ದರು. ಅತ್ತೆ ಕೊಟ್ಟಿಗೆಗೆ ಹೋದಾಗ, ಗಂಡ ಮಲಗಿದಾಗ, ಕತ್ತಲ ಮೂಲೆಯಲ್ಲಿ ಸೆರಗಿನ ಮರೆಗೆ ಎಳೆದುಕೊಂಡು ಆ ಹೆಂಗಸರೆಲ್ಲ ಮೊಲೆ ಕೊಟ್ಟಿದ್ದರು. ಮಾರನೆಯ ದಿನ ನಿಮ್ಮ ಕೈಗುಣ ಎಂದು ಬಂದು ಕೈಮುಗಿದಿದ್ದರು. ತನ್ನ ಹೆಸರು ನಿಂತಿದ್ದೇ ತನ್ನ ಮಾತು ಮೀರಿದ ಕಳ್ಳಿಯರ ಮೇಲೆ. ರಶ್ಮಿಗೊಬ್ಬಳಿಗೆ ಕದಿಯಲು ಅವಕಾಶವಿರಲಿಲ್ಲ. ಅವಳ ಅತ್ತೆ ಕೊಟ್ಟಿಗೆಗೂ ಹೋಗದೆ ಮೈಯೆಲ್ಲ ಕಣ್ಣಾಗಿ ಎದುರೇ ಕೂತಿದ್ದಳು. ಹಾಗಾದರೆ ಕದಿಯಲಾರದೆ ಹೋದವರು ಇನ್ನೂ ಇದ್ದಿರಬೇಕಲ್ಲ? ಸತ್ತ ಮಕ್ಕಳ ತಾಯಂದಿರು ತಿರುಗಿ ಬಂದು ಹೇಳಿರಲಿಲ್ಲ. ಅವರಿಗೆಲ್ಲ ಮನೆಯಲ್ಲಿ ಯಾರೋ ಒಬ್ಬರು ಹಲಸಿನ ಹಣ್ಣಿನ ಕಥೆ ಹೇಳಿ ಬಾಯಿ ಮುಚ್ಚಿಸಿರಬೇಕು.

ಈಗ ಹೊರಗೆ ಹೋಗಿ ಏನು ಹೇಳುವುದು? ನೀರು ಕೊಡಿ, ಆಸ್ಪತ್ರೆಗೆ ಓಡಿ ಎಂದರೆ, ಬಾಗಿಲಿಗೆ ಒರಗಿ ನಿಂತ ರಶ್ಮಿಯ ಕಿವಿಗೂ ಅದು ಬೀಳುತ್ತದೆ. ಅವಳೇನು ದಡ್ಡಿಯಲ್ಲ, ಪಿಯುಸಿ ಓದಿದವಳು. ಆ ಮಗುವಿಗೆ ನೀರು ಬೇಕಾದರೆ ನನ್ನ ಮಗುವಿಗೆ? ಎಂದು ಕೇಳಿಯೇ ಕೇಳುತ್ತಾಳೆ. ಹೇಳದೆ ಒತ್ತಿ ಕಳಿಸಿದರೆ ಈ ಮಗು ಸಂಜೆ ಕಾಣುವುದಿಲ್ಲ. ಎರಡೂ ಬೇಡವೆನಿಸಿತು ಶಂಕರಮ್ಮನಿಗೆ. ಮಗುವೂ ಉಳಿಯಬೇಕು, ತನ್ನ ಮುಖವೂ ಉಳಿಯಬೇಕು. ಈಳಿಗೆ ಮಣೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಲಗೈ ತೋರುಬೆರಳನ್ನು ಅಲಗಿನ ಮೇಲಿಟ್ಟು ಕಣ್ಣುಮುಚ್ಚಿ ಎಳೆದಳು. ಶಿವ ಶಿವಾ ಎಂದು ತಾನಾಗಿಯೇ ಬಾಯಿಗೆ ಬಂತು. ಆ ಹೆಸರೆತ್ತಲೂ ನಾಚಿಕೆಯಾಯಿತು.

'ಬೆರಳೇ ಕೊಯ್ದು ಹೋಯ್ತು ಮಾರಾಯ್ತಿ,' ಎಂದು ಬಟ್ಟೆ ಸುತ್ತಿದ ಕೈಯನ್ನು ತೋರಿಸುತ್ತ ಹೊರಬಂದಳು. 'ಇವತ್ತು ನನ್ನ ಕೈಲಿ ಆಗದಲ್ಲ. ಈಗ ಪುರದ ಬಸ್ಸು ಬರ್ತದೆ. ಹಾಂಗೇ ಎನ್ನಾರ್ ಪುರದ ಆಸ್ಪತ್ರೆಗೆ ತೋರಿಸ್ಕಂಡು ಬಂದುಬಿಡಿ.' ಆಸ್ಪತ್ರೆ ಎನ್ನುವ ಮಾತನ್ನು, ಸಂತೆಗೆ ಹೋಗಿ ಬನ್ನಿ ಎಂಬಷ್ಟು ಹಗುರಾಗಿ ಹೇಳಿದಳು. ಅನ್ನಮ್ಮ ರಕ್ತ ಕಂಡು ಲೊಚಗುಟ್ಟಿದಳು. 'ಅಯ್ಯೋ, ನಮ್ಮ ಗ್ರಹಚಾರವೇ! ಆಸ್ಪತ್ರೇಲಿ ನೆತ್ತಿ ಎತ್ತಕ್ಕೆ ಯಾರಿಗೆ ಬರ್ತದೆ? ಹಂಗಾರೆ ಶೃಂಗೇರಿ ಹತ್ರದ ಮೆಣಸೆಗೇ ಹೋಗದು ಕಣೆ ಭವ್ಯ. ಅಲ್ಲಿ ಪ್ರೇಮಕ್ಕ ಅಂತ ಇದ್ದಾರಂತೆ, ಅವರೂ ಎತ್ತುತಾರಂತೆ. ಶೃಂಗೇರಿ ಬಸ್ಸು ಬರಹೊತ್ತಾಯ್ತು, ಏಳು. ದಾರೀಲಿ ನನ್ನ ಕಣ್ಣು ತಪ್ಪಿಸಿ ಹಾಲು ಗೀಲು ಕೊಟ್ಟೀಯ, ಜೋಕೆ.' ಅವರು ಎದ್ದು ಹೊರಟೇಬಿಟ್ಟರು. ರಸ್ತೆ ದಾಟುವಾಗ ಮಗುವಿನ ತಲೆ ಭವ್ಯಳ ತೋಳಿನಿಂದ ಹಿಂದಕ್ಕೆ ಜೋತುಬಿದ್ದಿತ್ತು. ಅವಳು ಅದನ್ನು ಎತ್ತಿ ಸರಿಮಾಡಿದಳು, ಮತ್ತೆ ಜೋತುಬಿತ್ತು.

ತನ್ನ ಕೈ ಕೊಯ್ದುಕೊಂಡಿದ್ದು ಆ ಮಗುವನ್ನು ಇನ್ನೊಬ್ಬಳ ಕೈಗೆ ಕೊಡಲಿಕ್ಕಾಯಿತು ಎಂದು ಶಂಕರಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮೆಣಸೆ ಎಂದರೆ ಬಾಳೆಹೊನ್ನೂರು ದಾಟಿ, ಜಯಪುರ ದಾಟಿ, ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಸುತ್ತ ಹೋಗುವ ದಾರಿ. 'ಬಾಳೆಕಾಯಿ ಹೆಚ್ಚಿ ಆಗಿತ್ತಲ್ಲ ಅತ್ತೆ,' ಎಂದಳು ರಶ್ಮಿ ಹಿಂದಿನಿಂದ, ಕೈಗೆ ಸುತ್ತಿದ ಬಟ್ಟೆಯನ್ನೇ ನೋಡುತ್ತ. ಶಂಕರಮ್ಮ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತಿರುವಿನಲ್ಲಿ ಶೃಂಗೇರಿ ಬಸ್ಸಿನ ಹಾರನ್ ಕೇಳಿಸಿತು. ಬಸ್ಸು ಬಂದು ಹೋಗಲಿ, ತಾನೇನು ಆ ಮಗುವನ್ನು ಹೆತ್ತಿದ್ದೀನಾ ಎಂದು ಒಂದು ಮನಸ್ಸು ಹೇಳಿತು. ಇಷ್ಟು ತಿಂಗಳು ಅದೇ ಮನಸ್ಸಿನ ಮಾತು ಕೇಳಿಕೊಂಡು ಬಂದಿದ್ದಳು. ಇವತ್ತು ಅದರ ಮಾತು ಮುಗಿಯುವುದರೊಳಗೆ ಕಾಲು ಮೆಟ್ಟಿಲು ಇಳಿದಿತ್ತು.

'ಅನ್ನಮ್ಮಾ, ಹತ್ತಬೇಡ್ವೆ! ಮೆಣಸೆಗೆ ಹೋಗಬೇಡ!' ಗಿರಣಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಓಡಿ ಹೋಗಿ ಅನ್ನಮ್ಮನ ರಟ್ಟೆ ಹಿಡಿದಳು. ಬಸ್ಸು ನಿಂತಿತು. ಕಂಡಕ್ಟರು ಬಾಗಿಲು ಬಡಿದ. 'ನೆತ್ತಿ ಒತ್ತೋದ್ರಿಂದ ಏನೂ ಆಗಲ್ಲ. ಅದು ಸುಳ್ಳು. ಮಗೂಗೆ ನೀರು ಕೊಡಿ, ಹಾಲು ಕೊಡಿ, ಪುರಕ್ಕೆ ಹೋಗಿ!' ಅನ್ನಮ್ಮ ಕೈ ಕೊಸರಿಕೊಂಡಳು. ಅವಳ ಮುಖದಲ್ಲಿ ಇದ್ದ ಗೌರವವೆಲ್ಲ ಇಳಿಯಿತು. 'ಎಂತ ಮಾತು ಅಂತ ಆಡ್ತೀರಿ? ನಿಮ್ಮ ಕೈಲಿ ಆಗಲಿಲ್ಲ ಅಂತ ಇನ್ನೊಬ್ಬರ ಹತ್ರ ಹೋಗಬಾರ್ದಾ? ಪ್ರೇಮಕ್ಕಂಗೆ ಹೆಸರು ಬತ್ತದೆ ಅಂತ ಹೊಟ್ಟೆಕಿಚ್ಚಾ?' ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಶಂಕರಮ್ಮನ ಮುಖ ಕೆಂಪಾಯಿತು. ಒಂದು ಆಯುಷ್ಯದಲ್ಲಿ ಒಮ್ಮೆ ನಿಜ ಹೇಳಿದರೆ ಸಿಗುವ ಮರ್ಯಾದೆ ಇದು ಎಂದು ಸಿಟ್ಟೂ ಬಂತು. 'ನಿನ್ನ ಯಶವಂತ ಹೆಂಗೆ ಬದುಕಿದ ಹೇಳು,' ಎಂದು ಕೂಗಿದಳು. 'ನಿಮ್ಮತ್ತೆ ಕಣ್ಣು ತಪ್ಪಿಸಿ ನೀನು ಅವನಿಗೆ ಹಾಲು ಕೊಟ್ಟಿದ್ಯೋ ಇಲ್ವೋ? ನಿನ್ನ ಮಗನ ಮೇಲೆ ಆಣೆ, ನಿಜ ಹೇಳು.' ಅನ್ನಮ್ಮ ಸೊಸೆಯ ಕಡೆ ಒಮ್ಮೆ ನೋಡಿದಳು. 'ಅದು... ಪಾಪ, ಅಳ್ತಿತ್ತು ಅಂತ... ಒಂದೆರಡು ಸಲ...' 'ಅದಕ್ಕೇ ಬದುಕಿದ. ನನ್ನ ಕೈಯಿಂದಲ್ಲ. ನನ್ನ ಮೊಮ್ಮಗಳಿಗೆ ನೀರು ಕೊಡಕ್ಕೆ ನಾನು ಬಿಡಲಿಲ್ಲ. ಹಾಲು ಕೆಟ್ಟಿರಲಿಲ್ಲ, ಏನೂ ಕೆಟ್ಟಿರಲಿಲ್ಲ. ಅದು ನೀರಿಲ್ಲದೆ ಸತ್ತಿದ್ದು!' ಕೊನೆಯ ಮಾತು ಹೇಳುವಾಗ ಕರೆಂಟು ಹೋಯಿತು. ಗಿರಣಿಯ ಸದ್ದು ನಿಂತು, ಶಂಕರಮ್ಮನ ಕೂಗೊಂದೇ ರಸ್ತೆಯ ತುಂಬ ಉಳಿಯಿತು. ಪ್ರಸನ್ನ ಬಾಗಿಲಿಗೆ ಬಂದು ನಿಂತ. ಕಂಡಕ್ಟರು ರೈಟ್ ಎಂದ, ಬಸ್ಸು ಅವರನ್ನು ಬಿಟ್ಟು ಹೊರಟಿತು.

ರಶ್ಮಿಯನ್ನು ನೋಡಬಾರದೆಂದುಕೊಂಡೇ ಶಂಕರಮ್ಮ ನೋಡಿದಳು. ಅವಳು ಜಗಲಿಯಲ್ಲಿರಲಿಲ್ಲ. ಒಳಗೆ ಹೋಗಿ ಬಿದ್ದುಕೊಂಡಳೇನೋ ಎಂದುಕೊಳ್ಳುವಷ್ಟರಲ್ಲಿ ಒಂದು ತಂಬಿಗೆ ನೀರು, ಒಂದು ಚಮಚ ಹಿಡಿದು ರಸ್ತೆ ದಾಟಿ ಬಂದಳು. ಭವ್ಯಳನ್ನು ಸ್ಟಾಪಿನ ಕಟ್ಟೆಯ ಮೇಲೆ ಕೂರಿಸಿ, ಮಗುವಿನ ಗದ್ದ ಹಿಡಿದು ಚಮಚ ಇಟ್ಟಳು. ಮೊದಲ ಚಮಚ ಕಟವಾಯಿಯಿಂದ ಹೊರಗೆ ಹರಿಯಿತು. ಎರಡನೆಯದನ್ನು ಮಗು ನುಂಗಿತು. ಆಮೇಲೆ ಚಮಚ ಹಿಂದಕ್ಕೆ ತೆಗೆಯಲು ಬಿಡದೆ ಒಸಡಿನಲ್ಲಿ ಕಚ್ಚಿಕೊಂಡಿತು. ಭವ್ಯ ಬಿಕ್ಕಿ ಬಿಕ್ಕಿ ಅಳುತ್ತ ರವಿಕೆಯ ಗುಂಡಿ ಬಿಚ್ಚಿದಳು. ಪುರದ ಬಸ್ಸು ಬಂದಾಗ ರಶ್ಮಿಯೂ ಅವರ ಜೊತೆ ಹತ್ತಿದಳು, ಉಟ್ಟ ಸೀರೆಯಲ್ಲಿ, ತಂಬಿಗೆಯ ಸಮೇತ. ಗಂಡನಿಗಾಗಲಿ ಅತ್ತೆಗಾಗಲಿ ಹೋಗಿಬರುತ್ತೇನೆ ಎನ್ನಲಿಲ್ಲ.

ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಪ್ರಸನ್ನ ಒಳಗೆ ಬಂದ, ತಾಯಿಯ ಬೆರಳು ನೋಡಿದ, ಕರೆಂಟಿಲ್ಲದ ಗಿರಣಿಗೇ ತಿರುಗಿ ಹೋದ. ರಶ್ಮಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದಳು. ಕೈಕಾಲು ತೊಳೆದು ಒಲೆ ಮುಂದೆ ಕೂತು, 'ಡ್ರಿಪ್ ಹಾಕಿದ್ರು. ಉಚ್ಚೆ ಹೊಯ್ತು. ಬದುಕ್ತದೆ ಅಂದ್ರು,' ಎಂದಳು. ಶಂಕರಮ್ಮನಿಗೆ ಅಳು ಬಂತು, ಸಂತೋಷಕ್ಕೋ ಏನೋ. ರಶ್ಮಿ ಅದನ್ನು ಮುಗಿಸಲು ಬಿಡಲಿಲ್ಲ. 'ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?' 'ಕೊಪ್ಪದಲ್ಲೇ. ಡಾಕ್ಟರು ಹೇಳಿದ್ರು.' 'ಅಂದ್ರೆ, ನಾನು ಬಚ್ಚಲಲ್ಲಿ ಹಾಲು ಹಿಂಡಿ ಚೆಲ್ಲುವಾಗ ನಿಮಗೆ ಗೊತ್ತಿತ್ತು.' ಶಂಕರಮ್ಮ ಹೂಂ ಎಂದಳು. ರಶ್ಮಿ ಅನ್ನಕ್ಕೆ ನೀರಿಟ್ಟಳು. ನಾಳೆ ಇವಳು ಬಟ್ಟೆ ಕಟ್ಟಿಕೊಂಡು ತವರಿಗೆ ಹೋಗುತ್ತಾಳೆ, ಹೋಗಲಿ, ಹೋದರೆ ನನಗೂ ಶಾಂತಿ ಎಂದು ಶಂಕರಮ್ಮ ಯೋಚಿಸಿದಳು. ಆದರೆ ಮರುದಿನ ಬೆಳಿಗ್ಗೆ ರಶ್ಮಿ ಎಂದಿನಂತೆ ಅಂಗಳ ಗುಡಿಸಿ ರೊಟ್ಟಿ ತಟ್ಟಿದಳು. ಅತ್ತೆಯ ಬೆರಳಿಗೆ ಹೊಸ ಬಟ್ಟೆಯನ್ನೂ ಕಟ್ಟಿದಳು. ಎಳೆದು ಕಟ್ಟಿದ್ದು ಸ್ವಲ್ಪ ಹೆಚ್ಚೇ ಬಿಗಿಯಾಗಿತ್ತು.

ದೀಪು ಗುಣವಾದ ಸುದ್ದಿ ಹೊಳೆಯಾಚೆಯೆಲ್ಲ ಹಬ್ಬಿತು. ಹಬ್ಬುವಾಗ ಅದು ಬೇರೆಯೇ ಆಯಿತು: ಶಂಕರಮ್ಮೋರು ಅಂಗುಳವನ್ನೂ ಮುಟ್ಟದೆ, ಬರೀ ತಲೆ ಸವರಿ, ಇದು ಆಸ್ಪತ್ರೆಯ ನೆತ್ತಿ ಎಂದು ಹೇಳಿಬಿಟ್ಟರಂತೆ, ಎಂಥಾ ಕೈಗುಣ! ಅನ್ನಮ್ಮನೇ ಹಾಗೆ ಹೇಳಿಕೊಂಡು ತಿರುಗುತ್ತಿದ್ದಳು. ಕದ್ದು ಹಾಲು ಕೊಟ್ಟ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ವಾರ ಕಳೆಯುವ ಮೊದಲೇ ಇನ್ನೊಬ್ಬಳು ಬಂದಳು, ಕೊಪ್ಪದ ಕಡೆಯವಳು, ಮಡಿಲಲ್ಲಿ ಬಾಡಿದ ಹೆಣ್ಣುಮಗು. ಶಂಕರಮ್ಮ ಎದ್ದು ಒಳಗೆ ಹೋಗಲು ನೋಡಿದಳು. ರಶ್ಮಿ ಬಾಗಿಲಲ್ಲಿ ನಿಂತಿದ್ದಳು. ಸರಿಯಲಿಲ್ಲ. ಬಂದವಳನ್ನು ಕರೆದು ಕೂರಿಸಿ, ಉಪ್ಪು ಸಕ್ಕರೆ ಕದಡಿದ ನೀರಿನ ಲೋಟವನ್ನು ಅವಳ ಕೈಗೆ ಕೊಟ್ಟು, 'ಚಮಚದಲ್ಲಿ ಕೊಡ್ತಾ ಇರಿ, ಹೆದರಬೇಡಿ. ಪುರದ ಬಸ್ಸಿಗೆ ಇನ್ನೂ ಹೊತ್ತುಂಟು,' ಎಂದಳು. ಆಮೇಲೆ ಅತ್ತೆಗೆ ಮಣೆ ಹಾಕಿದಳು. ಎದುರಿಗೆ ತಾನೂ ಕೂತಳು.

'ಹೇಳಿ ಅತ್ತೆ.'

'ಎಂತ ಹೇಳದು?'

'ಅರ್ಪಿತಾ ಹೆಂಗೆ ಹೋದಳು ಅಂತ. ಇವರಿಗೆ ಗೊತ್ತಾಗಲಿ.' ದನಿ ಎತ್ತರಿಸಿರಲಿಲ್ಲ. 'ಇನ್ನು ಯಾರು ಮಗು ಎತ್ತಿಕೊಂಡು ಬಂದ್ರೂ ಹೇಳಬೇಕು. ನಾನು ಕೂತು ಕೇಳ್ತೀನಿ.'

ಬಂದವಳು ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದಳು. ಗಿರಣಿ ಓಡುತ್ತಿತ್ತು, ಆದ್ದರಿಂದ ಶಂಕರಮ್ಮ ಗಟ್ಟಿಯಾಗಿಯೇ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಅವಳು ಎಲ್ಲೆಲ್ಲಿ ಬಿಟ್ಟಳೋ ಅಲ್ಲೆಲ್ಲ ರಶ್ಮಿ ನೆನಪಿಸುತ್ತ ಹೋದಳು.